ಹೆಸರು ಬದಲಾದ ವರ್ಷ, ರಣಜಿ ಗೆದ್ದ ವರ್ಷ

ನಾನು ಹುಬ್ಬಳ್ಳಿ ಹತ್ರದ ಸುಳ್ಳದಾಂವ. ರಣಜಿ ಟ್ರೋಫಿಯ 1973-74ರ ಸೀಸನ್ ಬಗ್ಗೆ ಬೆಂಗಳೂರಿನವರು ಹೇಳೋದನ್ನ ನೀವು ಕೇಳಿರ್ತೀರಿ. ನಮ್ಮ ಕಡೆಯಿಂದ ನೋಡಿದ್ರ ಆ ಕಥಿ ಬ್ಯಾರೇನ ಕಾಣ್ತದ.

1956ರವರೆಗೆ ಧಾರವಾಡ ಜಿಲ್ಲೆ ಇದ್ದದ್ದು ಮುಂಬೈ ರಾಜ್ಯದಲ್ಲಿ. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜಿನ ಹುಡುಗರಿಗೂ ಮೊದಮೊದಲು ಡಿಗ್ರಿ ಕೊಡ್ತಿದ್ದದ್ದು ಮುಂಬೈ ವಿಶ್ವವಿದ್ಯಾಲಯ! ಏಕೀಕರಣವೇನೋ ಆಯ್ತು, ಆದ್ರ ರಾಜ್ಯದ ಹೆಸರು ಮೈಸೂರು ಅಂತನ ಉಳೀತು. 'ಕರ್ನಾಟಕ' ಅಂತ ಆಗಬೇಕು ಅಂತ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ ಪಟ್ಟು ಹಿಡಿದಿದ್ದರು. ಅದು ಆಗಿದ್ದು 1973ರ ನವೆಂಬರ್ 1ಕ್ಕೆ.

ಕ್ರಿಕೆಟ್ ತಂಡದ ಹೆಸರೂ ಬದಲಾಯ್ತು. ಮೈಸೂರು ತಂಡ ಎರಡು ಸಲ ಫೈನಲ್ ಮುಟ್ಟಿತ್ತು, 1941-42 ಮತ್ತು 1959-60ರಲ್ಲಿ. ಎರಡೂ ಸಲ ಸೋತಿದ್ದು ಮುಂಬೈಗೇ. ಆ ಮುಂಬೈ ಈಗ ಸತತ 15 ವರ್ಷದ ಚಾಂಪಿಯನ್.

1974ರ ಮಾರ್ಚ್, ಬೆಂಗಳೂರಿನಲ್ಲಿ ಸೆಮಿಫೈನಲ್. ಎದುರಿಗೆ ಅದೇ ಮುಂಬೈ. ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಕರ್ನಾಟಕ 385. ಗಾವಸ್ಕರ್ 30 ರನ್ ಮಾಡಿದ್ದಾಗ ನಾಯಕ ಪ್ರಸನ್ನ ಅವರ ಚೆಂಡು ಸ್ಟಂಪಿಗೆ ಬಡಿತು. ವಾಡೇಕರ್ 62ಕ್ಕೆ ಕಾಲು ಜಾರಿ ರನೌಟ್! ಮುಂಬೈ 307ಕ್ಕೆ ಆಲೌಟ್. ಮೊದಲ ಇನ್ನಿಂಗ್ಸ್‌ನ 78 ರನ್ ಲೀಡ್ ಸಾಕಾಯ್ತು.

ನನ್ನ ಪ್ರಕಾರ ಖರೇ ಫೈನಲ್ ಇದ. ಜೈಪುರದಲ್ಲಿ ರಾಜಸ್ಥಾನವನ್ನ ಸೋಲಿಸಿ ಟ್ರೋಫಿ ಎತ್ತಿದಾಗ, 'ಕರ್ನಾಟಕ' ಅನ್ನೋ ಹೆಸರಿಗೆ ಇನ್ನೂ ಆರು ತಿಂಗಳೂ ತುಂಬಿರಲಿಲ್ಲ.