ನೇಗಿಲಿಗೆ ಸಿಕ್ಕ ಸಂತ

ಚರ್ಚಿನ ಚರಿತ್ರೆ ಸಾಮಾನ್ಯವಾಗಿ ಪಾದ್ರಿಯಿಂದ ಶುರುವಾಗುತ್ತದೆ. ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿಯದು ಶುರುವಾಗುವುದು ಉಳುವವನಿಂದ.

ಸುಮಾರು 200 ವರ್ಷಗಳ ಹಿಂದೆ ಇಲ್ಲಿನ ಹಿಂದೂ ರೈತನೊಬ್ಬನ ನೇಗಿಲಿಗೆ ಮರದ ವಿಗ್ರಹವೊಂದು ಸಿಕ್ಕಿತಂತೆ. ಗೊಂಬೆಯೆಂದು ತಿಳಿದು ಮಕ್ಕಳ ಕೈಗೆ ಕೊಟ್ಟನಂತೆ. ಕನಸಿನಲ್ಲಿ ಸಂನ್ಯಾಸಿಯೊಬ್ಬ ಬಂದು ಗುಡಿ ಕಟ್ಟೆಂದರೂ ಆತ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಕಷ್ಟಗಳು ಸಾಲುಗಟ್ಟಿದ ಮೇಲೆ ವಿಚಾರಿಸಿದರೆ, ಅದು ಪದುವಾದ ಸಂತ ಅಂತೋಣಿಯವರ ಪ್ರತಿಮೆ! ಕಳೆದ ವಸ್ತು ಹುಡುಕಿಕೊಡುವ ಸಂತನೆಂದು ಜಗತ್ತೇ ನಂಬಿದವರು ಇಲ್ಲಿ ತಾವೇ ಮಣ್ಣಿನಡಿ ಸಿಕ್ಕಿದ್ದರು.

ಕಥೆಯ ಕಾಲ ಮೈಸೂರು ಸೀಮೆಯ ಕ್ರೈಸ್ತರು ಮತ್ತೆ ಚೇತರಿಸಿಕೊಳ್ಳುತ್ತಿದ್ದ ಕಾಲವೂ ಹೌದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿದ ಭಕ್ತರನ್ನು ಕೂಡಿಸಲು ಬಂದವರು ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್. ಅವರು ನಮ್ಮವರಂತೆ ಉಟ್ಟರು, ಮಾಂಸ ಬಿಟ್ಟರು. 1803-04ರಲ್ಲಿ 25,432 ಮಂದಿಗೆ ಸಿಡುಬಿನ ಲಸಿಕೆ ಹಾಕಿಸಿದ ಲೆಕ್ಕ ಅವರ ಹೆಸರಿನಲ್ಲಿದೆ. 1823ರಲ್ಲಿ ಫ್ರಾನ್ಸಿಗೆ ಮರಳಿದರು.

ಅವರ ನಂತರ ಬಂದವರೂ ಮೊದಲು ಇಲ್ಲಿನ ನುಡಿ ಕಲಿತರು. ಧರ್ಮಾಧ್ಯಕ್ಷ ಶಾರ್ಬೊನೊ ಅವರ ಕಾಲದಲ್ಲಿ ಬೆಂಗಳೂರಿನ ಮಿಷನ್ ಮುದ್ರಣಾಲಯ 1855ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟು, 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟು ಅಚ್ಚು ಹಾಕಿತು. ಹಳ್ಳಿಯ ಗುರುಗಳು ಪಾಪನಿವೇದನೆ ಕೇಳಬೇಕಾದದ್ದು ಕನ್ನಡದಲ್ಲಿ ತಾನೇ?

ಆಗ ದೋರನಹಳ್ಳಿಯ ತಾಲ್ಲೂಕಿನ ಹೆಸರು ಎಡತೊರೆ. 1924ರ ಕಾವೇರಿ ಪ್ರವಾಹದಲ್ಲಿ ಆ ಪಟ್ಟಣ ಹಾಳಾದ ಮೇಲೆ ಕೃಷ್ಣರಾಜನಗರ ಎದ್ದಿತು. ದೋರನಹಳ್ಳಿಯ ಸಂತ ಮಾತ್ರ ಸಿಕ್ಕಿದ ಊರಿನಲ್ಲೇ ಉಳಿದರು.

2019ರ ಅಕ್ಟೋಬರ್ 17ರಂದು ಇಲ್ಲಿನ ಸಂತ ಅಂತೋಣಿಯವರ ದೇವಾಲಯಕ್ಕೆ ಕಿರು ಬೆಸಿಲಿಕಾ ಪದವಿ ದೊರೆಯಿತು. ಬೆಂಗಳೂರಿನ ಸಂತ ಮರಿಯಮ್ಮನವರ ದೇವಾಲಯ, ಕಾರ್ಕಳದ ಅತ್ತೂರು ದೇವಾಲಯಗಳ ನಂತರ ಕರ್ನಾಟಕದಲ್ಲಿ ಇದು ಮೂರನೆಯದು. ಮೊದಲನೆಯದು ರಾಜಧಾನಿಯ ನಡುವೆ ಇದೆ, ಇದು ಭತ್ತದ ಕಣಜವೆನಿಸಿದ ತಾಲ್ಲೂಕಿನ ಹಳ್ಳಿಯಲ್ಲಿ.

ಸಂತರು ತೀರಿಕೊಂಡದ್ದು 1231ರ ಜೂನ್ 13ರಂದು. ಹಬ್ಬವೂ ಅಂದೇ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಸಸಿ ಬೇರು ಹಿಡಿಯುವ, ಮುಂಗಾರಿಗೆ ಹೊಲ ಹದವಾಗುವ ದಿನಗಳವು. ಹರಕೆ ಹೊತ್ತವರಲ್ಲಿ ಕ್ರೈಸ್ತರಲ್ಲದವರೂ ಬಹಳ. ಅವರೆಲ್ಲ ಕೈಗೆ ಮೆತ್ತಿದ ಮಣ್ಣು ತೊಳೆದುಕೊಂಡು ದೋರನಹಳ್ಳಿಯ ದಾರಿ ಹಿಡಿಯುತ್ತಾರೆ.