ಫೈಬರ್ ಕೇಬಲ್ ತುಂಡಾದರೆ ನೆಟ್ ತಾನಾಗಿಯೇ ಬೇರೆ ದಾರಿ ಹಿಡಿಯುತ್ತದೆಯೇ?

‘ಫೈಬರ್ ನೆಟ್‌ಗೆ ನೂರಾರು ದಾರಿ, ಒಂದು ಕಡಿದರೆ ಇನ್ನೊಂದರಲ್ಲಿ ಬರುತ್ತದೆ’ ಎಂಬ ಮಾತನ್ನು ನೀವೂ ಕೇಳಿರಬಹುದು. ಬೆಂಗಳೂರು, ಮುಂಬೈಯಂಥ ನಗರಗಳ ನಡುವೆ ಇದು ಬಹುಮಟ್ಟಿಗೆ ನಿಜ. ಜಮಖಂಡಿ ಭಾಗದ ತುಬಚಿಯಂಥ ಊರಿಗೆ ಬಂದಾಗ ಲೆಕ್ಕವೇ ಬೇರೆ.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೇಂದ್ರದ ಯೋಜನೆ ಮಂಜೂರಾದದ್ದು 2011ರಲ್ಲಿ. ಈಗ ಅದರ ಹೆಸರು ಭಾರತ್‌ನೆಟ್. ಮೊದಲ ಹಂತದ ಕೇಬಲ್ ಮರದ ಕೊಂಬೆಯಂತೆ ಹರಡಿತ್ತು: ತಾಲ್ಲೂಕು ಮಟ್ಟದ ಕೇಂದ್ರದಿಂದ ಪಂಚಾಯಿತಿಗೆ ಒಂದೇ ದಾರಿ. ಇಂಥ ಕಡೆ ರಸ್ತೆ ಅಗಲ ಮಾಡುವಾಗಲೋ ನೀರಿನ ಪೈಪ್ ಹೂಳುವಾಗಲೋ ಜೆಸಿಬಿಯ ಹಲ್ಲಿಗೆ ಕೇಬಲ್ ಸಿಕ್ಕರೆ, ಅದನ್ನು ಬೆಸೆಯುವವರೆಗೆ ಆಚೆಗಿನ ಊರುಗಳಿಗೆ ಆ ನೆಟ್ ಇಲ್ಲ. ರೂಟರ್ ಎಷ್ಟೇ ಜಾಣ ಇದ್ದರೂ ಇಲ್ಲದ ದಾರಿಯನ್ನು ಹುಡುಕಲಾರದು.

ಎರಡನೇ ದಾರಿ ಇದ್ದರೆ ಸಾಕೇ? ಅಲ್ಲೂ ತೊಡಕಿದೆ. ನಗರಗಳ ನಡುವಿನ ದೊಡ್ಡ ಮಾರ್ಗಗಳಲ್ಲಿ ಕೂದಲಿನಷ್ಟು ತೆಳುವಾದ ಒಂದೇ ಗಾಜಿನ ಎಳೆಯೊಳಗೆ ಹತ್ತಾರು ‘ಬಣ್ಣ’ದ ಬೆಳಕು ಒಟ್ಟಿಗೆ ಓಡುತ್ತದೆ (ಇವು ನಮ್ಮ ಕಣ್ಣಿಗೆ ಕಾಣುವ ಬಣ್ಣಗಳಲ್ಲ). ಬೆಳಕನ್ನು ನಡುವೆ ವಿದ್ಯುತ್ತಾಗಿ ಮಾರ್ಪಡಿಸದೆ ಕಳಿಸಬೇಕೆಂದರೆ, ಹೊರಟ ಬಣ್ಣವೇ ಕೊನೆಯವರೆಗೂ ಖಾಲಿ ಇರಬೇಕು. ಬಾಗಲಕೋಟೆಯಿಂದ ವಿಜಯಪುರದವರೆಗೆ 5ನೇ ಬಣ್ಣ ಮಾತ್ರ ಖಾಲಿ, ಅಲ್ಲಿಂದ ಕಲಬುರಗಿಗೆ 8ನೆಯದು ಮಾತ್ರ ಖಾಲಿ ಎಂದುಕೊಳ್ಳಿ. ಎರಡು ಕಡೆಯೂ ಜಾಗ ಇದೆ, ಆದರೂ ನೇರ ಬೆಳಕು ಹೋಗದು. ಬಣ್ಣ ಬದಲಿಸುವ ಉಪಕರಣ ಇಡಬಹುದು, ಅದು ದುಬಾರಿ. ಸುತ್ತು ದಾರಿ ಉದ್ದವಾದಷ್ಟೂ ಬೆಳಕು ಮಂಕಾಗುತ್ತದೆ. ಸುಮಾರು 80 ಕಿಲೋಮೀಟರ್‌ಗೊಮ್ಮೆ ಆಂಪ್ಲಿಫೈಯರ್ ಬೇಕು, ಪ್ರತಿಯೊಂದೂ ಸ್ವಲ್ಪ ಗದ್ದಲವನ್ನೂ ಸೇರಿಸುತ್ತದೆ.

ಇನ್ನೊಂದು ತಪ್ಪು ಹೆಚ್ಚು ಮಾಮೂಲಿ. ನಕ್ಷೆಯಲ್ಲಿ ಎರಡು ಕೇಬಲ್, ನೆಲದಲ್ಲಿ ಒಂದೇ ಗುಂಡಿ! ಸಮುದ್ರದಲ್ಲೂ ಹೆಚ್ಚುಕಡಿಮೆ ಹೀಗೇ ಆಗಿದೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿಯ ಸಮುದ್ರದಲ್ಲಿ ಎರಡು ಕೇಬಲ್ ಹಾಳಾದಾಗ ಭಾರತದ ಇಂಟರ್‌ನೆಟ್ ಕುಂಟಿತು. ಪೂರ್ವದ ಕೇಬಲ್‌ಗಳು ಉಳಿದಿದ್ದವು, ಆದರೆ ಅಷ್ಟೂ ಹೊರೆ ಹೊರುವಷ್ಟು ಜಾಗ ಅವುಗಳಲ್ಲಿ ಇರಲಿಲ್ಲ.

2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿ ಭಾರತ್‌ನೆಟ್ ಯೋಜನೆಯಲ್ಲಿ ಪಂಚಾಯಿತಿಗಳನ್ನು ಉಂಗುರದಂತೆ ಜೋಡಿಸಬೇಕೆಂದಿದೆ. ಒಂದು ಕಡೆ ತುಂಡಾದರೆ ಡೇಟಾ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಎರಡು ಕಡೆ ತುಂಡಾದರೆ, ನಡುವಿನ ಊರುಗಳಿಗೆ ಮತ್ತೆ ಹಳೆಯ ಪಾಡೇ.

ಅಗೆಯುವ ಮೊದಲು ಕೇಬಲ್‌ನವರಿಗೆ ತಿಳಿಸಲು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಸರ್ಕಾರಿ ಆ್ಯಪ್ 2023ರ ಮಾರ್ಚ್‌ನಿಂದ ಇದೆ. ನಿಮ್ಮೂರಲ್ಲಿ ಜೆಸಿಬಿ ಕೆಲಸ ಮಾಡಿಸುವವರ ಗ್ರೂಪ್‌ಗೆ ಇದನ್ನು ಫಾರ್ವರ್ಡ್ ಮಾಡಿ.