ತಾವೂನಿನ ಹದೀಸ್ ಮತ್ತು ಧಾರಾವಿಯ ದವಾಖಾನೆಗಳು

ಕ್ರಿ.ಶ. 638-39ರ ಸುಮಾರು. ಖಲೀಫಾ ಉಮರ್ (ರ.) ಶಾಮ್ ದೇಶದ ಕಡೆ ಹೊರಟಿದ್ದರು. ಸರ್ಗ್ ಎಂಬಲ್ಲಿ ಮುಂದೆ ತಾವೂನ್, ಅಂದರೆ ಪ್ಲೇಗ್, ಹಬ್ಬಿದೆ ಎಂಬ ಸುದ್ದಿ ಸಿಕ್ಕಿತು. ಅವರು ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ತಕ್ದೀರಿನಿಂದ ಓಡುವುದೇ ಎಂದು ಸೇನಾನಿ ಅಬೂ ಉಬೈದಾ (ರ.) ಆಕ್ಷೇಪಿಸಿದರು. ಒಂದು ತಕ್ದೀರಿನಿಂದ ಅವನದೇ ಇನ್ನೊಂದು ತಕ್ದೀರಿಗೆ ಹೋಗುತ್ತಿದ್ದೇವೆ ಎಂಬುದು ಉಮರ್ ಅವರ ಉತ್ತರದ ಸಾರ. ರೋಗವಿರುವ ಊರಿಗೆ ಹೋಗಬೇಡಿ, ಅಲ್ಲಿದ್ದರೆ ಬಿಟ್ಟು ಓಡಬೇಡಿ ಎಂಬ ಪ್ರವಾದಿ (ಸ.) ಮಾತನ್ನು ಆಗ ಅಬ್ದುರ್ರಹ್ಮಾನ್ ಬಿನ್ ಔಫ್ (ರ.) ನೆನಪಿಸಿದರು. ಅಬೂ ಉಬೈದಾ ತಮ್ಮ ಜನರ ಜೊತೆಯೇ ಉಳಿದು ಅದೇ ಪ್ಲೇಗಿನಲ್ಲಿ ತೀರಿಕೊಂಡರು.

ಲಾಕ್‌ಡೌನಿನಲ್ಲಿ ಈ ಹದೀಸಿನ ಮೊದಲರ್ಧವನ್ನು ಎಲ್ಲರೂ ವಾಟ್ಸಾಪಿನಲ್ಲಿ ಹಂಚಿದರು. ಆದರೆ ವೈದ್ಯರಿಗೆ ಕಷ್ಟವಾದದ್ದು ಎರಡನೆಯ ಅರ್ಧ.

ಮುಂಬಯಿಗೆ ಇದು ಹೊಸದಲ್ಲ. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಪ್ಲೇಗನ್ನು ಗುರುತಿಸಿದವರು ಡಾ. ಅಕಾಸಿಯೊ ವಿಯೇಗಾಸ್. ಸರ್ಕಾರ ಮನೆಗೆ ನುಗ್ಗಿ ರೋಗಿಗಳನ್ನು ಎತ್ತಿಕೊಂಡು ಹೋಗತೊಡಗಿತು. 1898ರ ಮಾರ್ಚಿನಲ್ಲಿ ನೇಕಾರ ಜುಲಾಹರ ಮನೆಯ ಒಬ್ಬ ಹುಡುಗಿಯನ್ನು ಒಯ್ಯಲು ಬಂದಾಗ ಗಲಭೆಯೇ ಆಯಿತು. ಇದನ್ನು ಬರೀ ಮೂಢನಂಬಿಕೆ ಅಂತ ತಳ್ಳಿಹಾಕೋದು ನನಗೆ ಒಪ್ಪಿಗೆಯಿಲ್ಲ. ಪರ್ದಾ ಏನಾಗುತ್ತೆ, ಸತ್ತರೆ ಜನಾಝಾ ಸಿಗುತ್ತಾ ಎಂಬ ಭಯ ಅಲ್ಲಿತ್ತು. ಅದೇ ಮುಂಬಯಿಯಲ್ಲಿ ಮೂರನೇ ಆಗಾ ಖಾನ್ ಜನರೆದುರೇ ಹಾಫ್ಕಿನ್ ಅವರ ಲಸಿಕೆ ಹಾಕಿಸಿಕೊಂಡು, ಪ್ರಯೋಗಾಲಯಕ್ಕೆ ತಮ್ಮ ಬಂಗಲೆಯನ್ನೂ ಕೊಟ್ಟರು.

ಇನ್ನು ಧಾರಾವಿ. ಎರಡೂವರೆ ಚದರ ಕಿಲೋಮೀಟರೂ ಇಲ್ಲದ ಜಾಗದಲ್ಲಿ ಲಕ್ಷಾಂತರ ಜನ. ನಮ್ಮ ಕಲಬುರಗಿ ಕಡೆಯಿಂದ ಹೋದವರೂ ಅವರಲ್ಲಿದ್ದಾರೆ. ಮನೆಯೊಳಗೆ ಶೌಚಾಲಯವಿಲ್ಲ, ಸಾರ್ವಜನಿಕ ಶೌಚಾಲಯವೇ ಗತಿ. 'ದೂರ ಇರಿ' ಅಂದ್ರೆ ಎಲ್ಲಿಗೆ ಹೋಗೋದು? 2020ರ ಏಪ್ರಿಲ್ 1ರಂದು ಅಲ್ಲಿ ಮೊದಲ ಕೊರೋನಾ ಪ್ರಕರಣ ಪತ್ತೆಯಾಯಿತು. ಮಾಹಿಮ್-ಧಾರಾವಿ ವೈದ್ಯರ ಸಂಘದ ಖಾಸಗಿ ವೈದ್ಯರು ಪಿಪಿಇ ಕಿಟ್ ತೊಟ್ಟು ಗಲ್ಲಿಗಲ್ಲಿಗೆ ಹೋಗಿ ಸುಮಾರು 47,500 ಜನರನ್ನು ತಪಾಸಣೆ ಮಾಡಿದರು. ಗಲ್ಲಿಯ ಡಾಕ್ಟರ್ ಬಾಗಿಲು ತಟ್ಟಿದರೆ ಜನ ತೆರೆಯುತ್ತಾರೆ; 1898ರಲ್ಲಿ ಇಲ್ಲದಿದ್ದದ್ದು ಆ ನಂಬಿಕೆಯೇ.

ಏಪ್ರಿಲ್ 25ಕ್ಕೆ ರಮಝಾನ್ ಶುರು. ಆ ಕಿಟ್ ಒಳಗೆ ಬೆವರು ಸುರಿಯುತ್ತದೆ, ಗಂಟೆಗಟ್ಟಲೆ ನೀರಿಲ್ಲ. ಮುಸ್ಲಿಂ ವೈದ್ಯರು, ನರ್ಸ್‌ಗಳು ರೋಝಾ ಇಡಬೇಕೋ ಬಿಡಬೇಕೋ? ರೋಗಿಗೆ, ಪ್ರಯಾಣಿಕನಿಗೆ ಕುರ್‌ಆನ್ ರಿಯಾಯಿತಿ ಕೊಟ್ಟಿದೆ. ಬಸುರಿಗೂ, ಹಾಲೂಡಿಸುವ ತಾಯಿಗೂ ಫಿಕ್‌ಹ್ ಅದನ್ನು ವಿಸ್ತರಿಸಿದೆ; ಇನ್ನೊಂದು ಜೀವ ತನ್ನನ್ನು ನಂಬಿಕೊಂಡಿದೆ ಎಂಬುದು ಅಲ್ಲಿಯ ಕಾರಣ. ಇದೇ ದಾರಿಯಲ್ಲಿ ಯೋಚಿಸಿದ ಹಲವು ಉಲಮಾಗಳು, ಕೆಲಸಕ್ಕೆ ತೊಂದರೆಯಾದರೆ ವೈದ್ಯರು ರೋಝಾವನ್ನು ಆಮೇಲೆ ಪೂರೈಸಬಹುದು ಎಂದರು. ನನ್ನ ದೃಷ್ಟಿಯಲ್ಲಿ ಇದು ದೀನ್‌ನಲ್ಲಿ ಸಡಿಲಿಕೆಯಲ್ಲ, ದೀನೇ. ಒಂಬತ್ತನೇ ಶತಮಾನದಲ್ಲಿ ಅರ್‌ರುಹಾವಿ ಬರೆದ 'ಅದಬ್ ಅತ್ತಬೀಬ್' ಗ್ರಂಥದ ಮೊದಲ ಅಧ್ಯಾಯವೇ ವೈದ್ಯನ ಈಮಾನ್ ಕುರಿತದ್ದು. (ಅವರು ಮುಸ್ಲಿಮರೋ ಕ್ರೈಸ್ತರೋ ಎಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಾರೆ!)

ಎಲ್ಲಕ್ಕಿಂತ ಕಠಿಣವಾದದ್ದು ಮಯ್ಯತ್. ಮಾರ್ಚ್ 30ರಂದು ಮುಂಬಯಿ ಪಾಲಿಕೆ, ಯಾವ ಧರ್ಮದವರಾದರೂ ಕೊರೋನಾದಿಂದ ಸತ್ತರೆ ಸುಡಬೇಕೆಂದು ಸುತ್ತೋಲೆ ಹೊರಡಿಸಿ, ಕೆಲವೇ ಗಂಟೆಗಳಲ್ಲಿ ಹಿಂಪಡೆಯಿತು. ದಫನ್ ಉಳಿಯಿತು, ಗುಸ್ಲ್ ಉಳಿಯಲಿಲ್ಲ. ಕೇಂದ್ರದ ಆಗಿನ ಮಾರ್ಗಸೂಚಿಯಂತೆ ಶವಕ್ಕೆ ಸ್ನಾನ ಮಾಡಿಸುವಂತಿರಲಿಲ್ಲ. ಅಬ್ಬಾನ ಮುಖವನ್ನಾದರೂ ತೊಳೆಯುತ್ತೇವೆ ಅನ್ನುವ ಮಗನಿಗೆ 'ಬೇಡ ಬೇಟಾ' ಅನ್ನಬೇಕಾದವರು ವೈದ್ಯರು. ಅದನ್ನೇ ಒಬ್ಬ ಮುಸ್ಲಿಂ ವೈದ್ಯ ಹೇಳುವಾಗ, ಮೃತರ ಹಕ್ಕು ತನ್ನ ಮೇಲೂ ಇದೆ ಎಂಬುದು ಅವನಿಗೆ ಗೊತ್ತು. ನೀರು ಸಾಧ್ಯವಿಲ್ಲದಿದ್ದರೆ ತಯಮ್ಮುಮ್, ಅದೂ ಆಗದಿದ್ದರೆ ಹಾಗೆಯೇ ದಫನ್ ಎಂದು ಹಲವು ಉಲಮಾಗಳು ಹೇಳಿದ್ದು ಅಂಥವರ ಹೆಗಲ ಭಾರವನ್ನು ಸ್ವಲ್ಪ ಇಳಿಸಿತು.

ಬಾಂದ್ರಾದ ಖಬರಸ್ತಾನಗಳಲ್ಲಿ ಕೊರೋನಾ ಮೃತರನ್ನು ಹೂಳಬಾರದೆಂದು ಕೆಲವರು ಹೈಕೋರ್ಟಿಗೂ ಹೋಗಿದ್ದರು. ಹೂಳುವುದರಿಂದ ಸೋಂಕು ಹರಡುತ್ತದೆ ಎನ್ನಲು ವೈಜ್ಞಾನಿಕ ಆಧಾರವಿಲ್ಲ ಎಂದು ನ್ಯಾಯಾಲಯ ಮೇ 22ರಂದು ಆ ಅರ್ಜಿಯನ್ನು ತಳ್ಳಿಹಾಕಿತು. ಮೂರು ದಿನಕ್ಕೆ ಈದ್ ಬಂತು, ನಮಾಝ್ ಮನೆಗಳಲ್ಲೇ ಆಯಿತು.